ಸರಾಸರಿ ಗೊತ್ತಿದ್ಮೇಲೆ ಗ್ರಾಫ್ ಯಾಕೆ ಬೇಕು?

ನೀವು ಕೇಳಿರೋದು "ಸರಾಸರಿ, ಕೋರಿಲೇಷನ್ (ಎರಡು ಅಂಕಿ ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತೆ ಅನ್ನೋ ಅಳತೆ) ಎಲ್ಲಾ ಎಕ್ಸೆಲ್ಲೇ ಕೊಡುತ್ತಲ್ಲ, ಮತ್ತೆ ಗ್ರಾಫ್ ಬರೀ ಶೋಕಿ ತಾನೇ" ಅಂತ. ನಾನೂ ಸುಮಾರು ವರ್ಷ ಹಾಗೇ ಅಂದ್ಕೊಂಡಿದ್ದವನೇ.

1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕೂಂಬ್ ಅನ್ನೋ ಸಂಖ್ಯಾಶಾಸ್ತ್ರಜ್ಞರು ಅದು ತಪ್ಪು ಅಂತ ತೋರಿಸೋಕೇ ನಾಲ್ಕು ಡೇಟಾಸೆಟ್ ಮಾಡಿದ್ರು, ಒಂದೊಂದರಲ್ಲೂ 11 ಚುಕ್ಕಿ ಅಷ್ಟೇ. ನಾಲ್ಕರಲ್ಲೂ ಎಕ್ಸ್ ಸರಾಸರಿ 9, ವೈ ಸರಾಸರಿ 7.5, ಕೋರಿಲೇಷನ್ 0.816ರ ಹತ್ರ, ರಿಗ್ರೆಷನ್ ಗೆರೆ (ಚುಕ್ಕಿಗಳಿಗೆ ಆದಷ್ಟು ಹತ್ರ ಹೋಗೋ ಹಾಗೆ ಎಳೆಯೋ ನೇರ ಗೆರೆ) ಕೂಡ ಒಂದೇ. ಲೆಕ್ಕದಲ್ಲಿ ಅವಳಿ ಜವಳಿ. ಆದ್ರೆ ಚುಕ್ಕಿ ಇಟ್ಟು ನೋಡಿ: ಮೊದಲನೇದು ನಾವು ಅಂದ್ಕೊಂಡ ಹಾಗೇ ಚದುರಿದೆ, ಎರಡನೇದು ಕಮಾನಿನ ಥರ ಬಾಗಿದೆ, ಮೂರನೇದು ನೆಟ್ಟಗಿನ ಗೆರೆ ಆದ್ರೆ ಒಂದೇ ಒಂದು ಚುಕ್ಕಿ ಎಲ್ಲೋ ಮೇಲೆ ಹಾರಿದೆ, ನಾಲ್ಕನೇದಂತೂ ಹತ್ತು ಚುಕ್ಕಿ ಎಕ್ಸ್ 8ರ ಮೇಲೇ ಒಂದರ ಮೇಲೊಂದು ನಿಂತಿವೆ, ಉಳಿದ ಒಂದು ದೂರದಲ್ಲಿ 19ರಲ್ಲಿ ಕೂತ್ಕೊಂಡು ಇಡೀ ಗೆರೇನ ತನ್ನ ಕಡೆ ಎಳೀತಿದೆ. ಗೂಗಲ್ ಶೀಟ್ಸ್‌ನಲ್ಲಿ ನೀವೇ ಹಾಕಿ ನೋಡಿ, ಐದು ನಿಮಿಷದ ಕೆಲಸ.

ನನಗೆ ಬುದ್ಧಿ ಬಂದಿದ್ದು ಮಾತ್ರ ನೀರಿನ ಬಿಲ್‌ನಿಂದ. ಬೆಂಗಳೂರಲ್ಲಿ ನಾವಿರೋ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ಜಾಸ್ತಿ ಬರ್ತಿತ್ತು, ಮೀಟಿಂಗಲ್ಲಿ ಎಲ್ರೂ "ದಿನದ ಸರಾಸರಿ ಸ್ವಲ್ಪ ಏರಿದೆ ಅಷ್ಟೇ, ಬೇಸಿಗೆ ಅಲ್ವಾ" ಅಂದ್ರು. ಓವರ್‌ಹೆಡ್ ಟ್ಯಾಂಕಿಂದ ಇಳಿಯೋ ಪೈಪಿನ ಮೀಟರನ್ನ ಗಂಟೆಗೊಂದ್ಸಲ ಬರೆದಿಡೋಕೆ ವಾಚ್‌ಮ್ಯಾನ್‌ಗೆ ಹೇಳಿದೆ, ಪಾಪ ಹಳೇ ಡೈರೀಲಿ ಒಂದು ವಾರ ನಿದ್ದೆಗೆಟ್ಟು ಬರೆದ. ಆ ಪಟ್ಟಿ ಓದಿದ್ರೆ ಏನೂ ತಿಳೀತಿರಲಿಲ್ಲ. ಗೆರೆ ಎಳೆದ ಮೇಲೆ ಬೆಳಗ್ಗೆ ಒಂದು ಗುಡ್ಡ, ಸಂಜೆ ಒಂದು ಗುಡ್ಡ, ಸರಿ, ಆದ್ರೆ ರಾತ್ರಿ ಎರಡು ಮೂರು ಗಂಟೆಗೆ ಎಲ್ಲಾ ಮಲಗಿರೋವಾಗ ಗೆರೆ ಸೊನ್ನೆಗೆ ಇಳೀಬೇಕಲ್ಲ, ಒಂದಿನಾನೂ ಇಳಿದಿಲ್ಲ! ಹುಡುಕಿದ್ರೆ ಬೀಗ ಹಾಕಿದ್ದ ಒಂದು ಮನೇಲಿ ಫ್ಲಶ್ ಟ್ಯಾಂಕ್ ಸುರೀತಾ ಇತ್ತು. ಮೀಟಿಂಗಲ್ಲಿ ಆ ಗೆರೆ ತೋರಿಸಿದೆ, ಭಾಷಣ ಬೇಕಾಗ್ಲಿಲ್ಲ.

ಹಾಗಂತ ಗ್ರಾಫ್ ಅಂದ್ರೆ ಸತ್ಯ ಅಂತಲ್ಲ. ಅದೇ ಮೀಟಿಂಗಲ್ಲಿ ಇನ್ನೊಬ್ರು ಖರ್ಚಿನ ಬಾರ್ ಚಾರ್ಟ್ ತೋರಿಸಿದ್ರು, 42 ಸಾವಿರ ಇದ್ದಿದ್ದು 46 ಸಾವಿರ ಆಗಿತ್ತು, ಆದ್ರೆ ಅಕ್ಷ ಶುರುವಾಗಿದ್ದು 40 ಸಾವಿರದಿಂದ, ಹಂಗಾಗಿ ಎರಡನೇ ಕಂಬ ಮೊದಲನೇದರ ಮೂರರಷ್ಟು ಎತ್ತರ ಕಾಣ್ತಿತ್ತು, ಹಿಂದೆ ಕೂತಿದ್ದ ಅಂಕಲ್ ಒಬ್ರು ಜಗಳಕ್ಕೇ ನಿಂತ್ರು. ಬೇಕಂತ ಮಾಡಿದ್ದಲ್ಲ, ಸಾಫ್ಟ್‌ವೇರ್ ತಾನೇ ಹಾಗೆ ಹಾಕಿತ್ತು. ಕಂಬದಲ್ಲಿ ಕಣ್ಣು ಎತ್ತರ ಅಳೆಯುತ್ತೆ, ಅದಕ್ಕೆ ಸೊನ್ನೆಯಿಂದಲೇ ಶುರುವಾಗ್ಬೇಕು. ಗೆರೆ ಚಾರ್ಟಿಗೆ ಅಷ್ಟು ಕಟ್ಟುನಿಟ್ಟಿಲ್ಲ, ಅಲ್ಲಿ ನೋಡೋದು ಏರಿಳಿತ. ಜ್ವರದ ಚಾರ್ಟನ್ನ ಸೊನ್ನೆ ಡಿಗ್ರಿಯಿಂದ ಬರೆದ್ರೆ 98 ಯಾವ್ದು 102 ಯಾವ್ದು ಅಂತ ಡಾಕ್ಟರಿಗೂ ಗೊತ್ತಾಗಲ್ಲ.