ಬಾಕ್ಸಿನ ಕೆಳಗಿನ ಸಾಲು

ತಂಗಿ,

ನಿನ್ನ ಪತ್ರ ಓದಿದೆ. ಬಂಗಾರಪೇಟೆಯವಳು, ಸಿವಿಲ್ ಮುಗಿಸಿದ್ದೀಯ, ಆಗಸ್ಟ್ ಕೊನೆಗೆ ನೆದರ್‌ಲ್ಯಾಂಡ್ಸ್‌ಗೆ ನೀರಿನ ಎಂಜಿನಿಯರಿಂಗ್ ಓದಲು ಬರುತ್ತಿದ್ದೀಯ. ಚಳಿ ತಡೆಯೋದು ಹೇಗೆ, ಮುದ್ದೆ ಮಾಡ್ಕೊಳ್ಳೋಕೆ ರಾಗಿ ಹಿಟ್ಟು ಸಿಗುತ್ತಾ ಅಂತ ಕೇಳಿದ್ದೀಯ. ಕೊನೆಯಲ್ಲಿ, ಆಗ ತಾನೇ ನೆನಪಾದ ಹಾಗೆ, ಇನ್ನೊಂದು ಸಾಲು: "ಕೋರ್ಸ್‌ನಲ್ಲಿ ರಿಪೋರ್ಟ್ ಬರೆಯೋದು, ಕ್ಲಾಸಿನವರ ರಿಪೋರ್ಟಿಗೆ ಫೀಡ್‌ಬ್ಯಾಕ್ ಕೊಡೋದು ಅಂತಾನೂ ಇದೆ. ಅದೇನು ಕಷ್ಟ ಇರಲ್ಲ ಅಲ್ವಾ ಅಕ್ಕಾ?"

ಜಾಕೆಟ್ ಅಲ್ಲಿ ಕೊಳ್ಳಬೇಡ, ಇಲ್ಲಿಗೆ ಬಂದು ತಗೋ. ಇಲ್ಲಿ ಚಳಿಗಿಂತ ಗಾಳಿ ಕಾಟ ಜಾಸ್ತಿ. ರಾಗಿ ಹಿಟ್ಟು ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ಹುಚ್ಚೆಳ್ಳು ಸಿಗುವುದು ಕಷ್ಟ, ಚಟ್ನಿಪುಡಿ ಮಾಡಿಸಿಕೊಂಡು ಬಾ. ಆ ಎರಡು ಪ್ರಶ್ನೆ ಇಷ್ಟಕ್ಕೆ ಮುಗಿಯಿತು.

ಮೂರನೆಯದು ಕಷ್ಟವೇ. ನನಗೆ ಅದು ಕೈಗೆ ಹತ್ತಲು ಒಂದೂವರೆ ವರ್ಷ ಹಿಡಿಯಿತು. ನಾನು ಬಂದು ಹದಿನಾರು ವರ್ಷವಾಯಿತು. ಈಗ ಹೊಟ್ಟೆಪಾಡೇ ಅದು, ಬೇರೆಯವರ ರಿಪೋರ್ಟ್ ಓದಿ ಪಕ್ಕದಲ್ಲಿ ಬರೆಯುವುದು.

ನಾವು ಬೆಳೆದದ್ದು ಹೇಗೆ ಅಂತ ನಿನಗೂ ಗೊತ್ತು. ಲ್ಯಾಬ್ ರೆಕಾರ್ಡ್ ಅಂದರೆ ಸೀನಿಯರ್ ರೆಕಾರ್ಡ್. ಅವರದ್ದು ಅವರ ಸೀನಿಯರ್‌ದು. ರೀಡಿಂಗ್ ಸರಿಬರದಿದ್ದರೆ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ತುಂಬಿಸುತ್ತಿದ್ದೆವು. ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ನಾವು ಹೆಚ್ಚು ತಲೆ ಕೆಡಿಸಿಕೊಂಡದ್ದು ಹೊದಿಕೆಯ ಬಣ್ಣಕ್ಕೆ, ಚಿನ್ನದ ಅಕ್ಷರಕ್ಕೆ. ಎಂಬತ್ತು ಪುಟ ಆಗಲೇಬೇಕು ಅಂತ ಯಾರೋ ಹೇಳಿದ್ದರು, ಅದಕ್ಕೆ ನಲವತ್ತು ಪುಟ ಪಠ್ಯಪುಸ್ತಕ ಇಳಿಸಿದೆವು. ಅದನ್ನು ಪೂರ್ತಿ ಓದಿದವರು ಒಬ್ಬರೇ, ಜೆರಾಕ್ಸ್ ಅಂಗಡಿಯವರು. ಅವರೂ ಪುಟದ ಸಂಖ್ಯೆ ನೋಡಲಿಕ್ಕೆ.

ಇಲ್ಲಿ ಹಾಗೆ ಇಳಿಸಿದರೆ ಸಾಫ್ಟ್‌ವೇರ್ ಹಿಡಿಯುತ್ತದೆ, ವಿಷಯ ಪರೀಕ್ಷಾ ಮಂಡಳಿಗೆ ಹೋಗುತ್ತದೆ. ಆದರೆ ನಾನು ಹೇಳಬೇಕೆಂದಿರುವುದು ಕಾಪಿ ವಿಷಯ ಅಲ್ಲ. ನಾವು ಬರೆದದ್ದನ್ನು ಯಾರೋ ಓದುತ್ತಾರೆ, ಓದಿ ಏನೋ ಮಾಡುತ್ತಾರೆ ಅನ್ನುವುದೇ ನಮ್ಮ ತಲೆಯಲ್ಲಿ ಇರಲಿಲ್ಲ. ಮಾರ್ಕ್ಸ್‌ಗೆ ಬರೆದೆವು. ರಿಪೋರ್ಟ್ ಇರುವುದು ಓದಿದವನು ಮರುದಿನ ಬೆಳಿಗ್ಗೆ ಪೈಪ್ ಬದಲಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡಲಿಕ್ಕೆ.

ಒಂದು ವಾಕ್ಯ ತೋರಿಸುತ್ತೇನೆ. ಅಂಕಿ ಸುಮ್ನೆ ಉದಾಹರಣೆಗೆ. "ಅಧ್ಯಯನಕ್ಕೆ ಒಳಪಡಿಸಲಾದ ಪ್ರದೇಶದ ಅಂತರ್ಜಲದ ಗುಣಮಟ್ಟವು ತೃಪ್ತಿಕರವಾಗಿಲ್ಲವೆಂದು ಕಂಡುಬಂದಿದೆ." ನಮ್ಮ ಕಾಲೇಜಿನಲ್ಲಿ ಇದಕ್ಕೆ ಟಿಕ್ ಬೀಳುತ್ತಿತ್ತು. ಇಲ್ಲಿ ಇದರ ಪಕ್ಕ ನಾಲ್ಕು ಪ್ರಶ್ನೆ ಬೀಳುತ್ತದೆ. ಯಾವ ಪ್ರದೇಶ? ಎಷ್ಟು ಬೋರ್‌ವೆಲ್? ಏನು ಅಳೆದೆ? ಯಾರಿಗೆ ತೃಪ್ತಿಯಿಲ್ಲ? ಈಗ ಇದನ್ನು ನೋಡು: "ಮಾರ್ಚ್‌ನಲ್ಲಿ ಊರಿನ 12 ಬೋರ್‌ವೆಲ್ ನೀರು ಪರೀಕ್ಷಿಸಿದೆವು. 7ರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿತ್ತು." ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಒಪ್ಪುತ್ತಾರೆ. ಎರಡನೇ ವಾಕ್ಯ ಓದಿದ ಪಂಚಾಯಿತಿಯವನಿಗೆ ಯಾವ ಏಳಕ್ಕೆ ಬೀಗ ಹಾಕಬೇಕು ಅಂತ ಕೇಳಬೇಕು ಅನ್ನಿಸುತ್ತದೆ. ಮೊದಲನೆಯದು ಓದಿದವನು ತಲೆಯಾಡಿಸಿ ಫೈಲ್ ಮುಚ್ಚುತ್ತಾನೆ.

ಮುಖ್ಯವಾದದ್ದು ಮೇಲಿರಬೇಕು ಅಂತ ಇಲ್ಲಿ ಪದೇ ಪದೇ ಹೇಳುತ್ತಾರೆ. ಯಾಕೆ ಅಂತ ನನಗೆ ಅರ್ಥವಾದದ್ದು ಕೊಲಂಬಿಯಾ ನೌಕೆಯ ಕಥೆ ಓದಿದಾಗ. ಕಲ್ಪನಾ ಚಾವ್ಲಾ ಇದ್ದ ನೌಕೆ, 2003ರ ಫೆಬ್ರುವರಿ 1ರಂದು ಭೂಮಿಗೆ ಮರಳುವಾಗ ಒಡೆದುಹೋಯಿತು, ಏಳು ಜನ ಹೋದರು. ಹಾರುವಾಗಲೇ ಇಂಧನ ತೊಟ್ಟಿಯ ಮೇಲಿನ ಫೋಮ್ ತುಂಡು ಕಿತ್ತು ರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಮೇಲಿದ್ದಾಗಲೇ ಎಂಜಿನಿಯರುಗಳು ಲೆಕ್ಕ ಹಾಕಿ ಸ್ಲೈಡ್ ಮಾಡಿ ಅಧಿಕಾರಿಗಳಿಗೆ ತೋರಿಸಿದರು. ಒಂದು ಸ್ಲೈಡಿನ ತಲೆಬರಹ ಧೈರ್ಯ ಹೇಳುವ ಹಾಗಿತ್ತು. ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ, ಇನ್ನೊಂದು ಮಾತಿತ್ತು: ಹಿಂದೆ ಪರೀಕ್ಷೆಗೆ ಬಳಸಿದ ತುಂಡು 3 ಘನ ಇಂಚು, ಈಗಿನದ್ದು 1920 ಘನ ಇಂಚು. ಅಂದರೆ 640 ಪಟ್ಟು. ಹಳೇ ಪರೀಕ್ಷೆ ಇದಕ್ಕೆ ಲೆಕ್ಕಕ್ಕೇ ಬರುವುದಿಲ್ಲ ಅಂತ ಅರ್ಥ. ಆ ಸ್ಲೈಡ್ ಓದಿದ ಮೇಲಧಿಕಾರಿಗೆ ಇದು ಪ್ರಾಣದ ಪ್ರಶ್ನೆ ಅಂತ ಹೊಳೆಯದೇ ಇದ್ದಿರಬಹುದು ಅಂತ ತನಿಖಾ ಮಂಡಳಿಯೇ ಬರೆಯಿತು. ಬರೆದವರು ಸುಳ್ಳು ಬರೆದಿರಲಿಲ್ಲ. ನಿಜವನ್ನು ಕೊನೆಯ ಸಾಲಿಗೆ ತಳ್ಳಿದ್ದರು ಅಷ್ಟೆ.

ಈಗ ಫೀಡ್‌ಬ್ಯಾಕ್ ವಿಷಯ. ಇಲ್ಲಿ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು.

ಮೊದಲ ಸೆಮಿಸ್ಟರ್. ಪಕ್ಕದ ಗುಂಪಿನ ಹುಡುಗಿಯ ರಿಪೋರ್ಟ್ ನನಗೆ ಓದಲು ಕೊಟ್ಟರು. ಅದರಲ್ಲೊಂದು ಗ್ರಾಫ್ ಇತ್ತು, ಕಾಲುವೆಯ ನೀರಿನ ಮಟ್ಟದ್ದು. ನಿಂತ ಗೆರೆಯ ಮೇಲೆ ಅಂಕಿ ಇತ್ತು, ಮೀಟರೋ ಸೆಂಟಿಮೀಟರೋ ಬರೆದಿರಲಿಲ್ಲ. ನನಗೆ ಕಂಡಿತು. ಆದರೆ ಅವಳು ದಿನಾ ನಗುತ್ತಾ ಮಾತಾಡಿಸುತ್ತಿದ್ದಳು, ಹೊಸ ದೇಶದಲ್ಲಿ ನನಗಿದ್ದ ಒಬ್ಬಳೇ ಗೆಳತಿ. "ತುಂಬಾ ಚೆನ್ನಾಗಿದೆ. ಸ್ಪೆಲ್ಲಿಂಗ್ ಒಂದ್ಸಲ ನೋಡಿಕೋ" ಅಂತ ಬರೆದು ಕೊಟ್ಟೆ. ಮೇಷ್ಟ್ರು ಅದೇ ಗ್ರಾಫಿಗೆ ಅಂಕ ಕಳೆದರು. ಅವಳು ನನ್ನ ಹತ್ತಿರ ಬಂದು ಕೇಳಿದಳು, "ನೀನು ಓದುವಾಗ ಇದು ಕಂಡಿತ್ತಾ?"

"ಕಂಡಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

ಬೇಜಾರಾಗಬಾರದು ಅಂತ, ಅಂದೆ. ಅವಳಿಗೆ ಅದು ಅರ್ಥವೇ ಆಗಲಿಲ್ಲ. ಸಿಟ್ಟೂ ಮಾಡಿಕೊಳ್ಳಲಿಲ್ಲ, ಸುಮ್ನೆ ನನ್ನ ಮುಖ ನೋಡಿದಳು. ನಾನು ಒಳ್ಳೆಯವಳಾಗಲು ಹೋಗಿ ಅವಳ ಅಂಕ ಕಳೆದಿದ್ದೆ.

ಮೂರು ವಾರದ ನಂತರ ನನ್ನ ಸರದಿ. ಹನ್ನೆರಡು ಪುಟದ ರಿಪೋರ್ಟ್, ಪಕ್ಕದಲ್ಲಿ ನಲವತ್ತಮೂರು ಟಿಪ್ಪಣಿ. ಬರೆದವನು ಕ್ಲಾಸಿನ ಒಬ್ಬ ಹುಡುಗ. "ಈ ಪ್ಯಾರಾ ಯಾಕಿದೆ ತಿಳಿಯಲಿಲ್ಲ." "ಇದನ್ನು ಮೂರನೇ ಪುಟದಲ್ಲೇ ಹೇಳಿದ್ದೀಯ." ಒಂದು ನಮಸ್ಕಾರ ಇಲ್ಲ, ಚೆನ್ನಾಗಿದೆ ಅನ್ನುವ ಒಂದು ಮಾತಿಲ್ಲ. ರೂಮಿಗೆ ಬಂದು ಅತ್ತೆ. ಊರಿಗೆ ಫೋನ್ ಮಾಡಿದೆ. ಅಪ್ಪ ಎತ್ತಿದರು. ನಮ್ಮದು ಮುಳಬಾಗಿಲ ಕಡೆ, ಟೊಮೆಟೊ ಬೆಳೆಯುವ ಮನೆ. ಎಲ್ಲಾ ಕೇಳಿಸಿಕೊಂಡು ಅಪ್ಪ ಒಂದೇ ಪ್ರಶ್ನೆ ಕೇಳಿದರು.

"ಅವ್ನು ಬಾಕ್ಸ್ ಬಗ್ಗೆ ಹೇಳಿದ್ನಾ, ನಿನ್ ಬಗ್ಗೆ ಹೇಳಿದ್ನಾ?"

ಕೋಲಾರದ ಮಂಡಿ ನೀನೂ ನೋಡಿರುತ್ತೀಯ. ಬೆಳಿಗ್ಗೆ ಹರಾಜು. ಹದಿನೈದು ಕೆಜಿ ಬಾಕ್ಸ್, ಸಾಲು ಸಾಲು. ಮೇಲಿನ ಸಾಲು ಯಾವಾಗಲೂ ಕೆಂಪಗೆ ಹೊಳೆಯುತ್ತಿರುತ್ತದೆ. ಅದಕ್ಕೇ ಕೊಳ್ಳುವವನು ಮೇಲಿನದ್ದು ನೋಡುವುದೇ ಇಲ್ಲ. ಕೈ ಒಳಗೆ ಹಾಕಿ ಕೆಳಗಿನ ಎರಡು ಹಣ್ಣು ಎತ್ತುತ್ತಾನೆ. "ಅಡೀಲಿ ಕಾಯಿ ಐತೆ" ಅಂತಾನೆ. ಅಷ್ಟೆ, ಮುಂದಿನ ಬಾಕ್ಸಿಗೆ ಹೋಗುತ್ತಾನೆ. ನೀನು ಮೋಸಗಾರ ಅನ್ನುವುದಿಲ್ಲ, ನಿಮ್ಮಪ್ಪ ಚೆನ್ನಾಗಿ ಬೆಳೀತಿದ್ದ ಅನ್ನುವುದಿಲ್ಲ. ಅಪ್ಪ ಆ ಮಾತು ಕೇಳಿಕೊಂಡು ಬಂದು ಮರುದಿನ ಕೀಳುವವರಿಗೆ ಇನ್ನೆರಡು ದಿನ ಬಿಟ್ಟು ಕೀಳಿ ಅನ್ನುತ್ತಿದ್ದರು.

ಆ ರಾತ್ರಿ ನಲವತ್ತಮೂರನ್ನೂ ಮತ್ತೆ ಓದಿದೆ. ಒಂದೂ ನನ್ನ ಬಗ್ಗೆ ಇರಲಿಲ್ಲ. ಎಲ್ಲಾ ಬಾಕ್ಸ್ ಬಗ್ಗೆಯೇ. ಅದರಲ್ಲಿ ಐದಾರು ತಪ್ಪೂ ಇದ್ದವು, ಅವನು ಸರಿಯಾಗಿ ಓದಿರಲಿಲ್ಲ. ಆದರೆ ಅವನು ತಪ್ಪು ಓದುವ ಹಾಗೆ ಬರೆದವಳು ನಾನೇ ಅಲ್ವಾ? ಹಾಗಾಗಿ ಅಲ್ಲೂ ವಾಕ್ಯ ಬದಲಿಸಿದೆ. ಫೀಡ್‌ಬ್ಯಾಕ್ ಬಂದಾಗ ವಾದಕ್ಕೆ ಇಳಿಯಬೇಡ. ಒಪ್ಪದಿದ್ದರೆ ಒಪ್ಪದೇ ಇರು, ಆದರೆ ಅವರು ಎಡವಿದ ಜಾಗ ಗುರುತು ಹಾಕಿಕೋ.

ನೀನು ಕೊಡುವಾಗ? ಕೆಲವು ಕಡೆ ಮೊದಲು ಹೊಗಳಿ, ನಡುವೆ ತಪ್ಪು ಹೇಳಿ, ಕೊನೆಗೆ ಮತ್ತೆ ಹೊಗಳು ಅಂತ ಕಲಿಸುತ್ತಾರೆ, ಸ್ಯಾಂಡ್‌ವಿಚ್ ಥರ. ಇಲ್ಲಿಯವರು ಮಧ್ಯಾಹ್ನ ದಿನಾ ಬ್ರೆಡ್ಡೇ ತಿಂದರೂ ಮಾತಿನಲ್ಲಿ ಸ್ಯಾಂಡ್‌ವಿಚ್ ಮಾಡುವುದಿಲ್ಲ. ನನಗೂ ಅದು ಹಿಡಿಸುವುದಿಲ್ಲ. ಹೊಗಳಿಕೆ ಬೇಡ ಅಂತಲ್ಲ. ಹೊಗಳಿದರೂ ಇಂಥ ಕಡೆ ಅಂತ ತೋರಿಸು. "ಎರಡನೇ ಟೇಬಲ್ ನೋಡಿದ ತಕ್ಷಣ ಯಾವ ಪಂಪ್ ಹಾಳಾಗಿದೆ ಅಂತ ತಿಳಿಯಿತು" ಅಂದರೆ ಅವನು ಆ ಟೇಬಲ್ ಹಾಗೇ ಉಳಿಸಿಕೊಳ್ಳುತ್ತಾನೆ. ಬರೀ "ಸೂಪರ್" ಅಂದರೆ ಏನನ್ನು ಉಳಿಸಿಕೊಳ್ಳಬೇಕು?

ತಪ್ಪು ಹೇಳುವಾಗ ನಾನು ಮಾಡುವುದಿಷ್ಟು. ಎಲ್ಲಿ ನಿಂತೆ, ಅಲ್ಲಿ ಏನು ಅಂದುಕೊಂಡೆ, ಏನಿದ್ದಿದ್ದರೆ ಮುಂದೆ ಹೋಗುತ್ತಿದ್ದೆ. "ನಿನ್ನ ವಿಧಾನದ ಭಾಗ ಅಸ್ಪಷ್ಟ" ಅಂತ ಬರೆಯುವ ಬದಲು, "ನಾಲ್ಕನೇ ಪುಟದಲ್ಲಿ ನೀರಿನ ಸ್ಯಾಂಪಲ್ ತಗೊಂಡೆವು ಅಂತಿದೆ. ಬೆಳಿಗ್ಗೆಯೋ ಸಂಜೆಯೋ ತಿಳಿಯಲಿಲ್ಲ. ಆಮ್ಲಜನಕದ ಅಂಕಿ ಕಡಿಮೆ ಇರುವುದರಿಂದ ಬೆಳಗಿನ ಜಾವ ಅಂದುಕೊಂಡೆ. ಸಮಯ ಹಾಕಿದರೆ ಸಂದೇಹ ಬರುವುದಿಲ್ಲ." ಉದ್ದವಾಯಿತು, ನಿಜ. ಆದರೆ ಇದರಲ್ಲಿ ಅವನನ್ನು ಬೈದದ್ದು ಎಲ್ಲಿದೆ? "ನನಗೆ ತಿಳಿಯಲಿಲ್ಲ" ಅನ್ನುವುದು ನಮ್ಮ ಮಾತಿನಲ್ಲಿ ಮೊದಲಿನಿಂದ ಇರುವ ಮರ್ಯಾದೆಯ ಮಾತು. ಅದನ್ನೇ ಇಲ್ಲಿ ದೊಡ್ಡ ಕೌಶಲ ಅಂತ ಕ್ಲಾಸ್ ಮಾಡಿ ಹೇಳಿಕೊಡುತ್ತಾರೆ, ನನಗೆ ನಗು ಬರುತ್ತದೆ.

ದೊಡ್ಡ ತೊಡಕು ಮೊದಲು ಹೇಳು. ತೀರ್ಮಾನಕ್ಕೆ ಆಧಾರವೇ ಇಲ್ಲದ ರಿಪೋರ್ಟಿನಲ್ಲಿ ಕಾಮಾ ತಿದ್ದುತ್ತಾ ಕೂರಬೇಡ. ಮತ್ತೆ, ನಿನ್ನ ರಿಪೋರ್ಟಿಗೆ 7 ಬಂದರೆ ಊರಿಗೆ ಫೋನ್ ಮಾಡಿ ಅಳಬೇಡ. ಇಲ್ಲಿ ಹತ್ತಕ್ಕೆ ಲೆಕ್ಕ, 5.5 ಅಥವಾ 6 ಬಂದರೆ ಪಾಸು, 8 ಅಂದರೆ ಬಹಳ ಒಳ್ಳೆಯದು, 10 ಕಂಡವರೇ ಅಪರೂಪ. ಮೇಷ್ಟ್ರನ್ನು ಹೆಸರು ಹಿಡಿದು ಕರೆಯಬೇಕು, ಅದು ನಾಲಿಗೆಗೆ ಬರಲು ಆರು ತಿಂಗಳಾಗುತ್ತದೆ. ನಾನು ಅಲ್ಲಿಯ ತನಕ ಹೆಸರೂ ಇಲ್ಲದೆ ಸರ್ರೂ ಇಲ್ಲದೆ, ಕೆಮ್ಮಿ ಮಾತು ಶುರು ಮಾಡುತ್ತಿದ್ದೆ.

ಇನ್ನೂ ನಿನಗೆ ಸಮಯ ಇದೆ. ಒಂದು ಕೆಲಸ ಮಾಡು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ ಇದೆಯಲ್ಲ, 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂದದ್ದು. ಅದರ ಬಗ್ಗೆ ನಿಮ್ಮ ಕಡೆ ಟೀ ಅಂಗಡಿಯಲ್ಲಿ ಕೂತರೆ ಎರಡು ಮಾತು ಕೇಳುತ್ತದೆ. ಒಬ್ಬ, ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂತು, ಬದುಕಿಕೊಂಡೆವು ಅಂತಾನೆ. ಇನ್ನೊಬ್ಬ, ಮೂರನೇ ಹಂತದ ಶುದ್ಧೀಕರಣ ಇಲ್ಲದೆ ಕೊಳಚೆ ತಂದು ಸುರಿದರು ಅಂತಾನೆ. ಇಬ್ಬರೂ ಜೋರಾಗಿಯೇ ಹೇಳುತ್ತಾರೆ.

ನೀನು ಅಂಥ ಒಂದು ಕೆರೆಗೆ ಹೋಗು. ನೀನು ಕಣ್ಣಾರೆ ಕಂಡದ್ದು, ಅಲ್ಲಿಯ ರೈತರು ಹೇಳಿದ್ದು, ನಿನ್ನ ಊಹೆ, ಈ ಮೂರನ್ನೂ ಬೇರೆ ಬೇರೆ ಇಟ್ಟು ಒಂದೇ ಪುಟ ಬರೆ. ದಿನ, ಹೊತ್ತು, ಜಾಗ ಹಾಕು. ನೊರೆ ಇದ್ದರೆ ಎಷ್ಟು ದೂರದ ತನಕ ಅಂತ ಹೆಜ್ಜೆ ಎಣಿಸು. ಬೋರ್‌ವೆಲ್ ಎಷ್ಟು ಅಡಿಗೆ ನೀರು ಕೊಡುತ್ತಿದೆ ಅಂತ ಒಬ್ಬರನ್ನಲ್ಲ, ಮೂವರನ್ನು ಕೇಳು. ಕೆರೆ ನೀರು ಒಳ್ಳೆಯದೋ ಕೆಟ್ಟದ್ದೋ ಅಂತ ತೀರ್ಪು ಬರೆಯಬೇಡ, ಒಂದು ಪುಟಕ್ಕೆ ಅಷ್ಟು ಬಲ ಇಲ್ಲ. ಏನನ್ನು ಅಳೆದರೆ ಗೊತ್ತಾಗುತ್ತದೆ ಅಂತ ಬೇಕಾದರೆ ಬರೆ. ಬರೆದದ್ದನ್ನು ಎಂಜಿನಿಯರಿಂಗ್ ಓದದ ಒಬ್ಬರಿಗೆ, ನಿಮ್ಮ ಅತ್ತೆಗೋ ಮಾವನಿಗೋ, ಜೋರಾಗಿ ಓದಿ ಹೇಳು. ಅವರು ಎಲ್ಲಿ "ಏನಂದೆ?" ಅಂತಾರೋ ಅಲ್ಲಿ ಪೆನ್ಸಿಲ್‌ನಲ್ಲಿ ಗೆರೆ ಹಾಕಿಕೋ.

ಕನ್ನಡದಲ್ಲೇ ಬರೆ. ಇಂಗ್ಲಿಷ್‌ನಲ್ಲಿ ಬರೆದರೆ ಗೊತ್ತಿಲ್ಲದ್ದನ್ನೆಲ್ಲಾ ದೊಡ್ಡ ಪದದ ಹಿಂದೆ ಬಚ್ಚಿಡುತ್ತೀಯ, ನಾನೂ ಹಾಗೇ ಮಾಡುತ್ತಿದ್ದೆ.

ಬರೆದು ನನಗೆ ಕಳಿಸು. ಶನಿವಾರದೊಳಗೆ ಬಂದರೆ ಭಾನುವಾರ ಓದುತ್ತೇನೆ. ಪಕ್ಕದಲ್ಲಿ ಬಹಳ ಟಿಪ್ಪಣಿ ಇರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಓದಿ ಒಂದು ದಿನ ಬಿಟ್ಟು ಫೋನ್ ಮಾಡು. ಚಟ್ನಿಪುಡಿಗೆ ಬೆಳ್ಳುಳ್ಳಿ ಸ್ವಲ್ಪ ಜಾಸ್ತಿ ಹಾಕಿಸು.