ಸೈಕಾಲಜಿ ಪ್ರಬಂಧಕ್ಕೆ ಜಾಸ್ತಿ ಮಾರ್ಕ್ಸ್ ಬರೋ ಹೊಸ ವಿಷಯ ಯಾವುದು?

ರಾಯಚೂರಿನಿಂದ ಬರೆದಿದ್ದೀರಿ: ಬಿ.ಎ. ಸೈಕಾಲಜಿ ಪ್ರಬಂಧಕ್ಕೆ ಮೊಬೈಲ್, ಸರಣಿ ಹಂತಕರು, ಕನಸು ಅಂತ ಮೂರು ವಿಷಯ ಇಟ್ಕೊಂಡಿದ್ದೀನಿ, ಇದಕ್ಕಿಂತ ಹೊಸದು ಯಾವುದಾದರೂ ಇದೆಯಾ ಅಂತ. ನಿಮ್ಮ ಮೂರು ವಿಷಯಗಳಲ್ಲಿ ಮೊದಲನೆಯದನ್ನು ಓದಿ ನಗು ಬಂತು. ಬೇಜಾರು ಮಾಡ್ಕೋಬೇಡಿ. 'ಯುವಜನರ ಮಾನಸಿಕ ಆರೋಗ್ಯದ ಮೇಲೆ ಮೊಬೈಲ್‌ನ ಪರಿಣಾಮ'. ಹೆಚ್ಚುಕಮ್ಮಿ ಇದೇ ಟೈಟಲ್ ನನ್ನದೂ. ಬಳ್ಳಾರಿಯಲ್ಲಿ ಡಿಗ್ರಿ ಓದುವಾಗ ಕೊನೇ ವರ್ಷದ ಪ್ರಾಜೆಕ್ಟಿಗೆ ತಗೊಂಡಿದ್ದೆ. 50ಕ್ಕೆ 19 ಬಂತು. ಪಾಸಾಗೋಕೆ 20 ಬೇಕಿತ್ತು.

ಆ ಟೈಟಲ್ ಹುಟ್ಟಿದ್ದು ಸ್ಟಾಫ್ ರೂಮಿನ ಬಾಗಿಲಲ್ಲಿ, ಐದು ನಿಮಿಷದಲ್ಲಿ. ಫಾರಂ ಕೊಡೋಕೆ ಅವತ್ತೇ ಕೊನೆ ದಿನ. ಮುಂದಿದ್ದವಳು ಏನೋ 'ಪರಿಣಾಮ' ಅಂತ ಬರೆದಿದ್ದಳು, ಕೇಳೋಕೆ ಚೆನ್ನಾಗಿತ್ತು, ನಾನೂ ಬರೆದೆ. ಅಲ್ಲಿಯವರೆಗೆ ಒಂದು ಸಂಶೋಧನಾ ಪೇಪರನ್ನೂ ಓದಿರಲಿಲ್ಲ.

ಆಮೇಲೆ ಸರ್ವೇ. ನಮ್ಮ ಹಾಸ್ಟೆಲ್ಲಲ್ಲೇ. ದಿನಕ್ಕೆ ಎಷ್ಟು ಗಂಟೆ ಮೊಬೈಲ್, ಎಷ್ಟಕ್ಕೆ ಮಲಗ್ತೀರಿ, ರಾತ್ರಿ ಎಷ್ಟು ಸಲ ಎಚ್ಚರ ಆಗತ್ತೆ, ಇಂಥ ಆರು ಪ್ರಶ್ನೆ. ಹೆಸರು ಬೇಡ ಅಂದಿದ್ದೆ, ಆದರೆ ರೂಂ ನಂಬರ್ ಹಾಕಿಸಿದ್ದೆ. ಫಾರಂ ವಾಪಸ್ ಕೊಡದವರ ಬಾಗಿಲು ತಟ್ಟಬೇಕಲ್ಲ, ಅದಕ್ಕೆ. ಒಂದು ಸಂಜೆ ಗೇಟಿನ ಹತ್ತಿರದ ಗಾಡಿಯಿಂದ ವಗ್ಗಾಣಿ-ಮಿರ್ಚಿ ತರಿಸಿ ಹಂಚಿದ ಮೇಲೆ 42 ಫಾರಂ ಕೈಗೆ ಬಂದವು. ಕೆಲವದರ ಮೇಲೆ ಈಗಲೂ ಎಣ್ಣೆ ಕಲೆ ಇದೆ.

ಲೆಕ್ಕ ಹಾಕಿದರೆ ಮೊಬೈಲ್ ಜಾಸ್ತಿ ನೋಡೋರಿಗೆ ನಿದ್ದೆ ಕಮ್ಮಿ. ನನಗೋ ಕುಣಿಯೋ ಹಾಗಾಯ್ತು. ಕಲರ್ ಗ್ರಾಫ್, ಸ್ಪೈರಲ್ ಬೈಂಡಿಂಗ್, ಕೊನೇ ಪುಟದಲ್ಲಿ 'ಪೋಷಕರು ಎಚ್ಚೆತ್ತುಕೊಳ್ಳಬೇಕು' ಅಂತ ಉಪದೇಶ ಬೇರೆ.

ವೈವಾದಲ್ಲಿ, ಅಂದ್ರೆ ಮೌಖಿಕ ಪರೀಕ್ಷೆಯಲ್ಲಿ, ಹೊರಗಿಂದ ಬಂದಿದ್ದ ಸರ್ ಗ್ರಾಫ್ ನೋಡಿ ಕೇಳಿದ್ದು ಒಂದೇ. "ಏನಮ್ಮಾ, ಮೊಬೈಲ್ ನೋಡಿದ್ದಕ್ಕೆ ನಿದ್ದೆ ಬರಲಿಲ್ವಾ, ನಿದ್ದೆ ಬರದೇ ಇದ್ದಿದ್ದಕ್ಕೆ ಮೊಬೈಲ್ ನೋಡಿದ್ರಾ?"

"ಎರಡೂ ಸರ್" ಅಂದೆ.

"ಹಂಗಾದ್ರೆ ಇದರಲ್ಲಿ ಪರಿಣಾಮ ಯಾವುದಮ್ಮಾ?"

ಬಾಯಿಂದ ಮಾತು ಬರಲಿಲ್ಲ.

ನಾನು ಹಾಳಾಗಿದ್ದು ಆ ಒಂದು ಪದದಿಂದ. ಇದನ್ನ ಸ್ವಲ್ಪ ಎಳೆದು ಹೇಳ್ತೀನಿ, ಸಹಿಸ್ಕೊಳ್ಳಿ. 'ಪರಿಣಾಮ' ಅಂತ ಬರೆದ ತಕ್ಷಣ ಇದರಿಂದಲೇ ಅದು ಆಯ್ತು ಅಂತ ತೋರಿಸೋ ಭಾರ ನಿಮ್ಮ ತಲೆ ಮೇಲೆ ಬೀಳುತ್ತೆ. ಅದನ್ನ ತೋರಿಸಬೇಕಂದ್ರೆ ಚೀಟಿ ಎತ್ತಿ ಹುಡುಗಿಯರನ್ನ ಎರಡು ಗುಂಪು ಮಾಡಿ, ಒಂದು ಗುಂಪಿನ ಮೊಬೈಲ್ ಕಿತ್ತಿಟ್ಕೊಂಡು ಎರಡು ವಾರ ನಿದ್ದೆ ಅಳೀಬೇಕು. ಯಾರು ಕೊಡ್ತಾರೆ ಮೊಬೈಲು? ನನ್ನ ಹತ್ರ ಇದ್ದದ್ದು ಬರೀ ಎರಡು ಸಂಖ್ಯೆ, ಒಂದು ಏರಿದಾಗ ಇನ್ನೊಂದು ಇಳೀತು ಅನ್ನೋದು. ಅದಕ್ಕೆ 'ಸಂಬಂಧ' ಅಂತಾರೆ. ಸಂಬಂಧ ಇದ್ದಾಗ ಮೂರು ದಾರಿ ಇರುತ್ತೆ. ಮೊದಲನೆಯದರಿಂದ ಎರಡನೆಯದು ಆಗಿರಬಹುದು. ಎರಡನೆಯದರಿಂದ ಮೊದಲನೆಯದು ಆಗಿರಬಹುದು. ಇಲ್ಲಾ, ಎರಡಕ್ಕೂ ಹಿಂದೆ ಮೂರನೆಯದೊಂದು ಕೂತಿರಬಹುದು.

ನನ್ನ ಮೂರನೆಯದು ತಲೆ ಮೇಲೇ ಇತ್ತು. ಫೇಲ್ ಆಗಿ ಒಂದು ವಾರ ಆದಮೇಲೆ ಸುಮ್ನೆ ಕೂತಿದ್ದಾಗ ಫಾರಂಗಳನ್ನ ರೂಂ ನಂಬರ್ ಪ್ರಕಾರ ಜೋಡಿಸಿದೆ. ನಿದ್ದೆ ಕಮ್ಮಿ ಅಂತ ಬರೆದವರಲ್ಲಿ ಮುಕ್ಕಾಲು ಜನ ಮೇಲಿನ ಮಹಡಿಯವರು! ಸರ್ವೇ ಮಾಡಿದ್ದು ಏಪ್ರಿಲ್‌ನಲ್ಲಿ. ರಾಯಚೂರಿನವರಿಗೆ ಬಳ್ಳಾರಿ ಬಿಸಿಲನ್ನ ವಿವರಿಸೋದು ಬೇಡ ಅಲ್ವಾ? ಹಗಲೆಲ್ಲ ಕಾದ ಆರ್‌ಸಿಸಿ ತಾರಸಿ ರಾತ್ರಿ ಒಂದಾದರೂ ಬಿಸಿ ಉಗುಳ್ತಿತ್ತು. ನೆಲಕ್ಕೆ ನೀರು ಚೆಲ್ಲಿ, ಒದ್ದೆ ಟವೆಲ್ ಹೊದ್ದುಕೊಂಡು, ತಂಪಾಗೋವರೆಗೂ ಮೊಬೈಲ್ ನೋಡ್ತಿದ್ವಿ. 'ನೋಡ್ತಿದ್ವಿ' ಅಂದೆ ಯಾಕಂದ್ರೆ ನಾನೂ ಮೇಲಿನ ಮಹಡಿಯವಳೇ. ದಿನಾ ರಾತ್ರಿ ನಾನೇ ಮಾಡ್ತಿದ್ದ ಕೆಲಸದ ಬಗ್ಗೆ ನನ್ನ ಪ್ರಾಜೆಕ್ಟಿನಲ್ಲಿ ಒಂದು ಸಾಲೂ ಇರಲಿಲ್ಲ. ಸೆಕೆಯಿಂದ ನಿದ್ದೆ ಹೋಯ್ತು, ನಿದ್ದೆ ಇಲ್ಲದ್ದಕ್ಕೆ ಮೊಬೈಲ್ ಬಂತು. ಇದೇ ಪಕ್ಕಾ ಅಂತ ಈಗಲೂ ಹೇಳಲಾರೆ. ಆದರೆ ಇಷ್ಟು ಬರೆದಿದ್ರೂ ಆ ಒಂದು ಮಾರ್ಕ್ ಸಿಗ್ತಿತ್ತು. ಎಂ.ಎ. ಅಡ್ಮಿಷನ್ ಒಂದು ವರ್ಷ ಮುಂದೆ ಹೋಯ್ತು. ಮನೆಯಲ್ಲಿ ನಮ್ಮಪ್ಪ ಒಂದು ಮಾತೂ ಆಡಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ಎರಡನೇ ಸಲ ಟೈಟಲ್ ಬರೆಯೋಕೆ ಮುಂಚೆ ಒಂದು ಪ್ರಶ್ನೆ ಹುಡುಕಿದೆ. ಅದೂ ಮನೆಯಲ್ಲೇ ಸಿಕ್ತು. ಪಿಯುಸಿ ಓದ್ತಿದ್ದ ತಮ್ಮ ಮಾಳಿಗೆ ಮೇಲೆ ಓಡಾಡ್ತಾ ಇತಿಹಾಸದ ನೋಟ್ಸನ್ನ ನಾಲ್ಕು ನಾಲ್ಕು ಸಲ ಓದೋನು. ಪರೀಕ್ಷೆಯಲ್ಲಿ ಮಾತ್ರ ಖಾಲಿ. ಓದಿದ್ದನ್ನೇ ಮತ್ತೆ ಓದಿದರೆ ನೆನಪಿರುತ್ತಾ, ಪುಸ್ತಕ ಮುಚ್ಚಿ ನೆನಪು ಮಾಡ್ಕೊಂಡ್ರೆ ನೆನಪಿರುತ್ತಾ? ಇಷ್ಟೇ ನನ್ನ ಪ್ರಶ್ನೆ.

ಹುಡುಕಿದಾಗ ರಾಯ್ಡಿಗರ್ ಮತ್ತು ಕಾರ್ಪಿಕೆ ಅನ್ನೋ ಅಮೆರಿಕದ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗ ಸಿಕ್ಕಿತು. ವಿದ್ಯಾರ್ಥಿಗಳಿಗೆ ಚಿಕ್ಕ ಪಾಠಗಳು, ಒಂದು ಸೂರ್ಯನ ಬಗ್ಗೆ, ಇನ್ನೊಂದು ಸಮುದ್ರದ ನೀರುನಾಯಿ ಬಗ್ಗೆ. (ಕಂಪ್ಲಿ ಕಡೆ ನಮ್ಮ ಹೊಳೆಯಲ್ಲೂ ನೀರುನಾಯಿ ಇವೆ, ಅದಕ್ಕೇ ಇದು ತಲೆಯಲ್ಲಿ ಕೂತುಬಿಟ್ಟಿದೆ.) ಒಂದು ಗುಂಪು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದೇ ಸಲ ಓದಿ, ಮೂರು ಸಲ ನೋಡದೆ ಬರೆಯಿತು. ಐದು ನಿಮಿಷ ಆದಮೇಲೆ ಕೇಳಿದರೆ ಓದಿದವರೇ ಮುಂದೆ: ಅವರದು ಶೇ. 83, ಬರೆದವರದು ಶೇ. 71. ಒಂದು ವಾರ ಬಿಟ್ಟು ಕೇಳಿದಾಗ ಪೂರ್ತಿ ಉಲ್ಟಾ. ಓದಿದವರು ಶೇ. 40ಕ್ಕೆ ಇಳಿದಿದ್ದರು, ಬರೆದವರು ಶೇ. 61ರಲ್ಲಿದ್ದರು. ಇನ್ನೂ ಮಜಾ ಏನಂದ್ರೆ, ಒಂದು ವಾರ ಆದಮೇಲೂ ನಮಗೆ ಚೆನ್ನಾಗಿ ನೆನಪಿರುತ್ತೆ ಅಂತ ಜಾಸ್ತಿ ನಂಬಿದ್ದು ನಾಲ್ಕು ಸಲ ಓದಿದವರೇ. ಥೇಟ್ ನನ್ನ ತಮ್ಮ.

ಇಲ್ಲಿ 'ಪರಿಣಾಮ' ಅನ್ನಬಹುದು, ಯಾಕಂದ್ರೆ ಯಾರು ಓದಬೇಕು, ಯಾರು ಬರೀಬೇಕು ಅಂತ ಹಂಚಿದ್ದು ಪ್ರಯೋಗ ಮಾಡಿದವರೇ. ಈ ಸಲ ನಾನು ಸರ್ವೇ ಮಾಡಲೇ ಇಲ್ಲ. ನಾಲ್ಕೈದು ಪೇಪರ್ ಓದಿ, ಯಾರ ಮಾತು ಎಲ್ಲಿ ಕೂಡುತ್ತೆ, ಎಲ್ಲಿ ಕೂಡಲ್ಲ ಅಂತ ಬರೆದೆ. 50ಕ್ಕೆ 38.

ನಿಮ್ಮ 'ಹೊಸ ವಿಷಯ' ಅನ್ನೋ ಹಟ ನನಗೆ ಒಪ್ಪಿಗೆ ಇಲ್ಲ. ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ಮನೋವಿಜ್ಞಾನಿ ಅರ್ಥವಿಲ್ಲದ ಅಕ್ಷರಗಳನ್ನ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೀತೀನಿ ಅಂತ ತನ್ನ ಮೇಲೇ ಪ್ರಯೋಗ ಮಾಡಿ ಪುಸ್ತಕ ಬರೆದಿದ್ದು 1885ರಲ್ಲಿ. ಅದನ್ನೇ ಮತ್ತೆ ಮಾಡಿ 2015ರಲ್ಲಿ ಪೇಪರ್ ಪ್ರಕಟಿಸಿದವರಿದ್ದಾರೆ. 130 ವರ್ಷ ಹಳೇ ವಿಷಯ! ಬಿ.ಎ. ಪ್ರಬಂಧದಲ್ಲಿ ನಿಮ್ಮಿಂದ ಯಾರೂ ಹೊಸದು ಕೇಳ್ತಿಲ್ಲ.

ಎರಡನೇ ವಿಷಯ, ಸರಣಿ ಹಂತಕರ ಮನಸ್ಸು, ಬಿಟ್ಟುಬಿಡಿ. ಓದೋಕೆ ಮಜಾ, ಸರಿ. ಬರೆಯೋಕೆ ಕೂತರೆ ಯೂಟ್ಯೂಬ್ ಕಥೆ ಆಗುತ್ತೆ. ಕನಸಿನದು ಪರವಾಗಿಲ್ಲ, ಆದರೆ 'ಫ್ರಾಯ್ಡ್ ಮತ್ತು ಕನಸು' ಅಂತ ಬೇಡ, ಅದು ಒಂದು ಊರಿನಷ್ಟು ದೊಡ್ಡದು. 'ಎದ್ದ ತಕ್ಷಣ ಕನಸು ಯಾಕೆ ಮರೆತುಹೋಗುತ್ತೆ' ಅಂತ ಕೇಳಿ, ಒಂದು ಓಣಿಗೆ ಇಳೀತೀರಿ.

ಕ್ಲಾಸ್‌ಮೇಟ್‌ಗಳಿಗೆ ಖಿನ್ನತೆಯ ಪ್ರಶ್ನಾವಳಿ ಹಂಚೋ ಯೋಚನೆ ಇದ್ದರೆ ದಯವಿಟ್ಟು ಬೇಡ. ಎಲ್ಲರೂ ಬಳಸೋ ಪಿಎಚ್‌ಕ್ಯೂ-9ರಲ್ಲಿ ಒಂಬತ್ತನೇ ಪ್ರಶ್ನೆ ಸಾಯೋ ಯೋಚನೆ ಬಗ್ಗೆ ಇದೆ. ಯಾರಾದರೂ ಅಲ್ಲಿ 'ಹೌದು, ದಿನಾ' ಅಂತ ಗುರುತು ಹಾಕಿ, ಹೆಸರಿಲ್ಲದ ಫಾರಂ ಕೊಟ್ಟು ಹೋದರೆ ಏನು ಮಾಡ್ತೀರಿ? ಟೆಲಿ-ಮಾನಸ್ 14416 ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ನಂಬರ್ ಇದೆ, ಯಾರಿಗಾದರೂ ಬೇಕಾದರೆ ಹೇಳಿ. ಆದರೆ ಗೈಡ್ ಇಲ್ಲದೆ ಆ ಬಾಗಿಲು ತೆಗೀಬೇಡಿ.

ನಮ್ಮ ಕಡೆಯದೇ ಬೇಕು ಅಂದ್ರೆ ಒಂದು ಇದೆ, ನನಗೆ ಡಿಗ್ರಿ ಮುಗಿಯೋವರೆಗೂ ಗೊತ್ತೇ ಇರಲಿಲ್ಲ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿದ್ದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಯ ಔಷಧಿಯನ್ನ ಹಳ್ಳಿಗೆ ಹತ್ತಿರ ತಂದರು. 'ಬಳ್ಳಾರಿ ಮಾದರಿ' ಅಂತಲೇ ಹೆಸರು. ಅದನ್ನೇ ಇಟ್ಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯ್ತು. ಮನೋವೈದ್ಯರು ಮಾಡೋ ಕೆಲಸದಲ್ಲಿ ಎಷ್ಟನ್ನ ಹಳ್ಳಿಯ ಸಾಮಾನ್ಯ ಡಾಕ್ಟರ್ ಮಾಡಬಹುದು? ನೋಡಿ, ಇದು ಪ್ರಶ್ನೆ.

ಸೋಮವಾರ ಟೈಟಲ್ ಕೊಡಬೇಕು ಅಂದಿದ್ದೀರಿ. ಫಾರಂ ಖಾಲಿ ತಗೊಂಡು ಹೋಗಿ, ಒಂದು ವಾರ ಟೈಮ್ ಕೇಳಿ. ನಮ್ಮ ಮೇಡಂ ಅವತ್ತು ಕೇಳಿದವರಿಗೆಲ್ಲ ಕೊಟ್ಟರಂತೆ. ನಾನು ಕೇಳಲಿಲ್ಲ.