ಕಾಕಾನ ತೊಡೆಯೊಳಗಿನ ಚೂರು

ಬೆಳಗಾವಿ ಕಡೆ ಕನ್ನಡಿಗರು, ಮರಾಠಿಗರು ಹೇಗೆ ಹೊಂದಿಕೊಂಡು ಬಾಳುತ್ತೀರಿ ಎಂದು ಕೇಳಿದ್ದೀರಿ. ಗಡಿ ತಕರಾರು ಸುಳ್ಳಲ್ಲ. ಕರ್ನಾಟಕ-ಮಹಾರಾಷ್ಟ್ರ ಗಡಿ ತೀರ್ಮಾನಕ್ಕೆಂದು ಕೇಂದ್ರ ನೇಮಿಸಿದ್ದ ಮಹಾಜನ ಆಯೋಗದ ವರದಿ ಬಂದದ್ದು 1967ರಲ್ಲಿ. ತಕರಾರು ಇಂದಿಗೂ ಮುಗಿದಿಲ್ಲ. ಬಸ್ಸಿಗೆ ಮಸಿ ಬಳಿದ ದಿನಗಳನ್ನು ನಾನೂ ಕಂಡಿದ್ದೇನೆ. ಆದರೆ ನಮ್ಮ ಮನೆಯ ಮಟ್ಟಿಗೆ ಉತ್ತರ ಹೇಳಬೇಕೆಂದರೆ ಕಾಕಾನ, ಅಂದರೆ ನಮ್ಮ ಚಿಕ್ಕಪ್ಪನ, ವಿಷಯವನ್ನೇ ಹೇಳಬೇಕು.

ಕಾಕಾ ಮರಾಠಾ ಲಘು ಪದಾತಿ ದಳದ ಸಿಪಾಯಿ. ಅದರ ತರಬೇತಿ ಕೇಂದ್ರ ಬೆಳಗಾವಿಯಲ್ಲೇ ಇದೆ. ಪಲ್ಟಣದಲ್ಲಿ ಮಹಾರಾಷ್ಟ್ರದವರೇ ಹೆಚ್ಚು. ಗಡಿಯ ಈಚೆಯ ನಮ್ಮ ಹುಡುಗರೂ ಸೇರುತ್ತಾರೆ. 1971ರ ಡಿಸೆಂಬರಿನಲ್ಲಿ ಅವನ ಪಲ್ಟಣ ಬ್ರಹ್ಮಪುತ್ರಾ ದಾಟಿ, ಈಗಿನ ಬಾಂಗ್ಲಾದೇಶದ ಜಮಾಲಪುರದ ದಕ್ಷಿಣಕ್ಕೆ ದಾರಿ ಕಟ್ಟಿ ಕುಳಿತಿತ್ತು. 10ರ ರಾತ್ರಿ ಊರೊಳಗಿದ್ದ ಪಾಕಿಸ್ತಾನಿ ಪಡೆ ತಪ್ಪಿಸಿಕೊಳ್ಳಲು ಕತ್ತಲಲ್ಲಿ ಇವರ ಮೇಲೆ ನುಗ್ಗಿತು. ಆ ಹೊಡೆದಾಟದಲ್ಲಿ ಸಿಡಿದ ಚೂರುಗಳು ಕಾಕಾನ ತೊಡೆಗೂ ಬಲಗೈಗೂ ಹೊಕ್ಕವು. ಬೆಳಗಾಗುವವರೆಗೆ ಗಾಯಕ್ಕೆ ಪಟಗಾ ಬಟ್ಟೆ ಒತ್ತಿ ಹಿಡಿದು ಕುಳಿತವರು ಕೊಲ್ಹಾಪುರ ಕಡೆಯ ಒಬ್ಬ ಸಿಪಾಯಿ. ಢಾಕಾದಲ್ಲಿ ಪಾಕಿಸ್ತಾನಿ ಸೇನೆ ಶರಣಾದ ಸುದ್ದಿ ಕಾಕಾನಿಗೆ ಆಸ್ಪತ್ರೆಯ ಹಾಸಿಗೆಯಲ್ಲಿ ತಿಳಿಯಿತು.

ಮನೆಗೆ ಬಂದ ಪತ್ರ ಮರಾಠಿಯಲ್ಲಿತ್ತು. ಕಾಕಾನ ಕೈ ಆಡುತ್ತಿರಲಿಲ್ಲ, ಆ ಗೆಳೆಯರೇ ಬರೆದಿದ್ದರು. ನಮ್ಮಜ್ಜಿಗೆ ಮರಾಠಿ ಬಾರದು, ಓದೂ ಬಾರದು. ಪಕ್ಕದ ಮನೆಯ ಮರಾಠಿ ಮಾವಶಿ ಪತ್ರ ಹಿಡಿದು, ಒಂದು ಸಾಲು ತಾನು ಓದಿಕೊಂಡು, ಅದನ್ನು ಕನ್ನಡದಲ್ಲಿ ಹೇಳಿ, ಅಜ್ಜಿಯ ಮುಖ ನೋಡಿ ಮುಂದಿನ ಸಾಲಿಗೆ ಹೋದಳಂತೆ. ಕೊನೆಯಲ್ಲಿ ಕಾಕಾ ಎಡಗೈಯಿಂದ ಸೊಟ್ಟಸೊಟ್ಟಾಗಿ ಕನ್ನಡದಲ್ಲಿ ಸಹಿ ಹಾಕಿದ್ದ. ಅಜ್ಜಿ ಅದರ ಮೇಲೆ ಬೆರಳಿಟ್ಟುಕೊಂಡೇ ಬಹಳ ಹೊತ್ತು ಕುಳಿತಿದ್ದಳು.

ತೊಡೆಯಲ್ಲೊಂದು ಚೂರು ಹಾಗೆಯೇ ಉಳಿಯಿತು. ಚಿಕ್ಕವರಿದ್ದಾಗ ನಮ್ಮ ಬೆರಳು ಹಿಡಿದು ಅದನ್ನು ಮುಟ್ಟಿಸುತ್ತಿದ್ದ. ಚರ್ಮದಡಿ ಹುಣಸೆಬೀಜದಷ್ಟು ಗಟ್ಟಿ. ಚಳಿ ಬಿದ್ದರೆ ಅವನಿಗೆ ನಿದ್ದೆಯಿಲ್ಲ.

ಹೊಸ್ತಿಲ ಹುಣ್ಣಿಮೆಗೆ ಕೊಲ್ಹಾಪುರದ ಭಕ್ತರು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಬರುತ್ತಾರೆ. ಆ ಗೆಳೆಯರೂ ಪ್ರತಿವರ್ಷ ಬಂದು, ಹೋಗುವಾಗ ನಮ್ಮ ಮನೆಯಲ್ಲಿ ಒಂದು ರಾತ್ರಿ ತಂಗುತ್ತಿದ್ದರು. ಕಟ್ಟೆಯ ಮೇಲೆ ಕಾಕಾನ ಕಾಲನ್ನು ಮಡಿಲಿಗೆಳೆದುಕೊಂಡು ಎಣ್ಣೆ ತಿಕ್ಕುತ್ತಿದ್ದರು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ.

ಕಾಕಾ ತೀರಿಕೊಂಡ ಮೇಲೂ ಅವರು ಬರುವುದನ್ನು ಬಿಟ್ಟಿಲ್ಲ. ಕಳೆದ ಸಲ ಫೋನ್ ಮಾಡಿ ಬರಲೇ ಎಂದು ಮರಾಠಿಯಲ್ಲಿ ಕೇಳಿದರು. ಕಾಕಾನ ಹೆಂಡತಿ, ನಮ್ಮ ಕಾಕು, ಕನ್ನಡದಲ್ಲೇ ಹೇಳಿದಳು: “ಕಟ್ಟೆ ತೊಳೆದಿಟ್ಟಿದ್ದೇನೆ, ಬನ್ನಿ.”